ಸರದಾರನ ಬುತ್ತಿ

ಅಮರಪ್ಪ ಪಾಂಜರಪೋಳದ ಮ್ಯಾನೇಜರ. ಈ ಮಾತನ್ನು ನಂಬಿದವರು ಇಬ್ಬರೇ: ಒಬ್ಬ ಸ್ವತಃ ಅಮರಪ್ಪ, ಇನ್ನೊಬ್ಬ ಅವನ ಮಾವ. ಮಾವನೂ ನಂಬಿದ್ದು ಮದುವೆಯ ಊಟ ಮುಗಿಯುವವರೆಗೆ ಮಾತ್ರ. ವಿಜಾಪುರದ ಅಂಚಿನಲ್ಲಿ ಒಬ್ಬ ಸೇಠಜಿ ಪುಣ್ಯಕ್ಕೆಂದು ದೊಡ್ಡಿಯೊಂದನ್ನು ಕಟ್ಟಿಸಿ ಹಾಲು ಬತ್ತಿದ ಆಕಳು, ಕಾಲು ಮುರಿದ ಎತ್ತು, ಟಾಂಗಾದವರು ಬಿಟ್ಟುಹೋದ ಕುದುರೆ ಇಂಥ ದಿಕ್ಕಿಲ್ಲದ ಜೀವಗಳನ್ನು ಸಾಕುತ್ತಿದ್ದರು. ಅದೇ ಪಾಂಜರಪೋಳ. ಅಲ್ಲಿ ಮೇವು ಹಾಕಿಸುವುದು, ನೀರು ಸೇದುವುದು, ಸೇಠಜಿ ಬಂದಾಗ ಎದ್ದು ನಿಲ್ಲುವುದು, ಇಷ್ಟೇ ಅಮರಪ್ಪನ ಅಧಿಕಾರ. ಆದರೂ ನೌಕರಿ ಸಿಕ್ಕ ದಿನವೇ ಅವನು ತಲೆಗೆ ಸುತ್ತುವ ಪಟಗಾ ಬಿಚ್ಚಿಟ್ಟು, ಕಚೇರಿಯ ಮಂದಿ ಹಾಕುವಂಥ ಕರಿ ಟೊಪ್ಪಿಗೆಯೊಂದನ್ನು ಕೊಂಡು ತಲೆಗೇರಿಸಿಕೊಂಡ. ಮುಂದಿನ ರಾಮಾಯಣವೆಲ್ಲ ಶುರುವಾದದ್ದು ಆ ಟೊಪ್ಪಿಗೆಯಿಂದ.

ಮಾವ ಗುರಲಿಂಗಪ್ಪ ಬಬಲೇಶ್ವರದ ಒಕ್ಕಲಿಗ. ಆ ಸೀಮೆಯಲ್ಲಿ ಗಂಡಸಿನ ತಲೆಯಿಂದ ಪಟಗಾ ಇಳಿಯುವುದು ಮನೆಯಲ್ಲಿ ಹೆಣ ಬಿದ್ದಾಗ ಮಾತ್ರ. ಉಳಿದಂತೆ ಮಲಗುವಾಗಲೂ ಅದು ಕೈಯಳತೆಯಲ್ಲಿ ಇರಬೇಕು. ಅಂಥವನು ಮದುವೆಯಲ್ಲಿ ಅಳಿಯನಿಗೆ ಜರಿಯಂಚಿನ ಉದ್ದನೆಯ ರುಮಾಲು ಸುತ್ತಿ ಕಣ್ತುಂಬ ನೋಡಿದ್ದ. ಅಳಿಯ ಅದನ್ನು ಟ್ರಂಕಿನಲ್ಲಿಟ್ಟು ಟೊಪ್ಪಿಗೆ ಹಾಕಿಕೊಂಡು ಓಡಾಡಿದರೆ ಹೊಟ್ಟೆ ಉರಿಯದೆ ಇದ್ದೀತೆ? ಆದರೂ ಆತ ಬಾಯಿ ಬಿಡಲಿಲ್ಲ. ಪಂಚಮಿ ಹಬ್ಬಕ್ಕೆ ಮಗಳು ಶಂಕ್ರೆವ್ವನನ್ನು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದ. ಆಗ ಅಮರಪ್ಪ ಟೊಪ್ಪಿಗೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ಆಡಬಾರದ ಒಂದು ಮಾತನ್ನು ಆಡಿಬಿಟ್ಟ.

"ಹಬ್ಬ ಮುಗದ ಮ್ಯಾಲ ನೀವಽ ಕಳಿಸಿಬಿಡ್ರಿ ಮಾವಾರ. ನನಗ ಆಫೀಸ್ ಬಿಟ್ಟು ಬರಾಕ ಆಗಂಗಿಲ್ಲ."

ಗಾಡಿಯ ಮೂಕಿಗೆ ಕೈ ಹಾಕಿದ್ದ ಗುರಲಿಂಗಪ್ಪ ತಿರುಗಿ ನಿಂತ. "ಕಳಸಾಕ ನನ್ನ ಮಗಳೇನು ರೇಲ್ವೆ ಪಾರ್ಸಲ್ಲೇನಪಾ? ನಿಮ್ಮ ಮನಿ ಹಿರ್ಯಾರು ಒಬ್ಬರು ಬುತ್ತಿ ಕಟಗೊಂಡು ಕರಿಯಾಕ ಬರಲಿ. ಬಂದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ."

ಪದ್ಧತಿ ಇದ್ದದ್ದೇ ಹಾಗೆ. ತವರಿಗೆ ಹೋದ ಮಗಳನ್ನು ಕರೆತರಲು ಗಂಡನ ಮನೆಯಿಂದ ಹಿರಿಯರೊಬ್ಬರು ರೊಟ್ಟಿ, ಹೋಳಿಗೆಯ ಬುತ್ತಿಯೊಂದಿಗೆ ಹೋಗಬೇಕು. ಗಂಡ ತಾನೇ ಹೋಗಿ ನಿಂತರೆ ಊರು ನಗುತ್ತದೆ. ಅಮರಪ್ಪನಿಗೆ ತಂದೆ ಇಲ್ಲ, ತಾಯಿ ಇಲ್ಲ, ಅಣ್ಣ ತಮ್ಮ ಯಾರೂ ಇಲ್ಲ. ಮ್ಯಾನೇಜರನ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಲಿಗೆಯೂ ಏಳಲಿಲ್ಲ. ಗಾಡಿ ಹೊರಟಾಗ ಶಂಕ್ರೆವ್ವ ಹಿಂದಿನಿಂದ ಮುಖ ಹೊರಗೆ ಹಾಕಿ, "ರೀ, ಉಪ್ಪಿನಕಾಯಿ ಗಡಿಗಿ ಬಾಯಿ ಬಿಚ್ಚಬ್ಯಾಡ್ರಿ. ನಾ ಬಂದು ಬಿಚ್ಚತೀನಿ" ಎಂದಳು. ಅವನು ತಲೆಯಾಡಿಸಿದ.

ಪಂಚಮಿ ಮುಗಿಯಿತು, ಮಹಾನವಮಿ ಮುಗಿಯಿತು, ದೀಪಾವಳಿಯೂ ಮುಗಿಯಿತು. ಗಡಿಗೆಯ ಬಾಯಿಗೆ ಅವಳು ಕಟ್ಟಿದ ಅರಿವೆ ಹಾಗೆಯೇ ಇತ್ತು. ಅಮರಪ್ಪ ತಾನೇ ಬಡಿದ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿನ್ನುತ್ತ ಆ ಗಡಿಗೆಯನ್ನು ನೋಡುತ್ತಿದ್ದ. ಸಂಜೆಯಾದರೆ ಅವನ ಕಾಲು ತಾನಾಗಿ ಮೋಟಾರು ನಿಲ್ಲುವಲ್ಲಿಗೆ ಹೋಗುತ್ತಿತ್ತು. ಯುದ್ಧದ ಕಾಲ; ಪೆಟ್ರೋಲಿಲ್ಲದೆ ಇದ್ದಿಲು ಹಾಕಿ ಓಡಿಸುತ್ತಿದ್ದ ಬಬಲೇಶ್ವರದ ಮೋಟಾರು ಕೆಮ್ಮುತ್ತ ಬಂದು ನಿಲ್ಲುತ್ತಿತ್ತು. ಅಮರಪ್ಪ ಡ್ರೈವರನನ್ನು ಕೇಳುತ್ತಿದ್ದ: "ಬಬಲೇಶ್ವರದಾಗ ಮಳಿ ಹೆಂಗೈತ್ರಿ? ಬೆಳಿ ಹೆಂಗದಾವು? ಸಂತಿ ಚಲೋ ಕೂಡತೈತೇನ್ರಿ?" ಡ್ರೈವರ ಮಳೆ, ಬೆಳೆ, ಸಂತೆ ಎಲ್ಲದರ ವರದಿಯನ್ನೂ ಕೊಡುತ್ತಿದ್ದ. ಕೇಳಬೇಕಾದದ್ದನ್ನು ಅಮರಪ್ಪ ಕೇಳುತ್ತಿರಲಿಲ್ಲ, ಆದ್ದರಿಂದ ಡ್ರೈವರ ಅದನ್ನು ಹೇಳುತ್ತಲೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಪಾಂಜರಪೋಳಕ್ಕೆ ಒಂದು ನಾಯಿ ಬಂದು ಸೇರಿಕೊಂಡಿತು. ಕಂದು ಬಣ್ಣ, ಎದ್ದು ಕಾಣುವ ಎಲುಬು, ಮೂತಿಯ ಕೂದಲು ನೆರೆತು ಬೆಳ್ಳಗಾಗಿದ್ದವು. ಊರಲ್ಲಿ ನಾಯಿ ಹಿಡಿಯುವವರ ಕೈಯಿಂದ ತಪ್ಪಿಸಿಕೊಂಡು ಬಂದಿತ್ತಂತೆ. ಆ ನಾಯಿ ಹಿಡಿಯುವವನ ತಲೆಯ ಮೇಲೆ ದೊಡ್ಡದೊಂದು ಪಟಗಾ ಇದ್ದಿರಬೇಕು, ಯಾಕೆಂದರೆ ಪಟಗಾ ಕಂಡರೆ ಸಾಕು, ಈ ನಾಯಿಯ ಕೈಕಾಲು ತಣ್ಣಗಾಗುತ್ತಿದ್ದವು. ನಡುಗುತ್ತ ಹೊಟ್ಟೆಯ ಮೇಲೆ ತೆವಳಿ ಸಿಕ್ಕ ಸಂದಿಯಲ್ಲಿ ಸೇರಿಕೊಂಡುಬಿಡುತ್ತಿತ್ತು. ಧೈರ್ಯ ಬರಲೆಂದು ಅಮರಪ್ಪ ಅದಕ್ಕೆ ಸರದಾರ ಎಂದು ಹೆಸರಿಟ್ಟ. ಸರದಾರನಿಗೆ ಇಡೀ ಜಗತ್ತಿನಲ್ಲಿ ಅಂಜಿಕೆ ಬಾರದಿದ್ದದ್ದು ಕರಿ ಟೊಪ್ಪಿಗೆಯ ಅಮರಪ್ಪನೊಬ್ಬನನ್ನು ಕಂಡರೆ.

ಸೇಠಜಿಯ ಪಗಡಿಯಂತೂ ಬಂಗಾರದ ಬಣ್ಣದ್ದು, ಗೋಪುರದ ಹಾಗೆ ಸುತ್ತಿದ್ದು. ಅವರು ಒಂದು ದಿನ ದೊಡ್ಡಿಗೆ ಬಂದಾಗ ಸರದಾರ ಮೇವಿನ ಬಣವೆಯೊಳಗೆ ಹೊಕ್ಕು ಬಾಲ ಮಾತ್ರ ಹೊರಗೆ ಬಿಟ್ಟಿತು.

"ಅಮರಪ್ಪಾ, ಇದು ಏನು ಕೆಲಸ ಮಾಡತದ?"

"ಅಂಜತೈತ್ರಿ."

"ಮನಷ್ಯಾರಿಗೆ ಜ್ವಾಳಾ ಸಿಗವಲ್ದು, ಅದಕ್ಕೂ ರೇಶನ್ ಬಂದದ. ಅಂಜೋ ಕೆಲಸಕ್ಕ ರೊಟ್ಟಿ ಹಾಕಾಕ ಆಗೂದಿಲ್ಲ ನೋಡು. ಎಳ್ಳಮಾಸಿಯೊಳಗ ಇದಕ್ಕ ಒಂದು ಮನಿ ಹುಡುಕು. ಇಲ್ಲಾಂದ್ರ ಮುನಸಿಪಾಲ್ಟಿಗೆ ಹೇಳಿಕಳಸ್ತೀನಿ."

ಮುನಸಿಪಾಲಿಟಿಯ ಹತ್ತಿರ ನಾಯಿಗಳಿಗೆಂದು ಇದ್ದದ್ದು ಒಂದೇ ಔಷಧ. ಎಳ್ಳಮಾವಾಸ್ಯೆ ಕಣ್ಣಳತೆಯಲ್ಲಿತ್ತು.

ಅವನು ಮನೆ ಹುಡುಕತೊಡಗಿದ. ಇಟ್ಟಂಗಿಹಾಳದ ರೈತನೊಬ್ಬ ಹೊಲ ಕಾಯಲು ಬೇಕೆಂದು ನೋಡಲು ಬಂದ. ಅವನ ಪಟಗಾ ಕಂಡು ಸರದಾರ ದನಗಳ ನೀರಿನ ತೊಟ್ಟಿಯಲ್ಲಿ ಇಳಿದು ಕುಳಿತಿತು. ರೈತ ಸ್ವಲ್ಪ ಹೊತ್ತು ನೋಡಿ, "ಇದನ್ನ ಕಾಯಾಕ ಇನ್ನೊಂದು ನಾಯಿ ಬೇಕಲ್ಲೋ ಮಾರಾಯಾ" ಎಂದು ಹೊರಟುಹೋದ. ಅಡತ್ತಿ ಅಂಗಡಿಯವರು ಬಂದರು, ಹೋಟೆಲಿನವರು ಬಂದರು. ಎಲ್ಲರ ತಲೆಯ ಮೇಲೂ ಪಟಗಾ. ಕೊನೆಗೆ ಅಮರಪ್ಪ ಅದನ್ನು ತನ್ನ ಮನೆಗೇ ಕರೆತಂದ. ಒಬ್ಬನ ರೇಶನ್ನಿನಲ್ಲಿ ಇಬ್ಬರು ಎಷ್ಟು ದಿನ ಉಂಡಾರು? ಅದರ ಮೇಲೆ ಅವನು ಹಗಲೆಲ್ಲ ದೊಡ್ಡಿಯಲ್ಲಿ. ಓಣಿಯಲ್ಲಿ ಪಟಗಾದವರು ಸುಳಿದಾಡಿದರೆ ಇದು ಒಳಗೆ ಅಳುತ್ತಿತ್ತು. ಶಂಕ್ರೆವ್ವ ಮಡಚಿಟ್ಟು ಹೋದ ಕೌದಿಯೊಂದು ಮೂಲೆಯಲ್ಲಿತ್ತು. ಸರದಾರ ಅದನ್ನು ಮೂಸಿ ಮೂಸಿ ಅದರ ಮೇಲೆ ತಲೆಯಿಟ್ಟು ಮಲಗಿತು. ಅಮರಪ್ಪನಿಗೆ ಅದನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ಇಷ್ಟು ತಿಂಗಳು ತಾನು ನಾಚಿಕೆಯಿಂದ ಮಾಡದೆ ಉಳಿದದ್ದನ್ನು ಈ ನಾಯಿ ಯಾರನ್ನೂ ಕೇಳದೆ ಮಾಡಿತಲ್ಲ ಎಂದು ಅವನಿಗೆ ಅಳು ಬಂತು.

ಎದುರು ಮನೆಯ ಗೌರಾಬಾಯಿ ಬಾಯಿಯ ಜೋರಿಗೆ ಓಣಿಗೆಲ್ಲ ಹೆಸರಾದವಳು, ಆದರೆ ಕರುಳುಳ್ಳವಳು. ಅವಳು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು.

"ಏನೋ ಅಮರಪ್ಪಾ, ಒಂದು ಮನ್ಯಾಗ ಇಬ್ಬರು ಅಂಜುಬುರುಕರು ಕೂಡೀರಲ್ಲೋ! ಅದು ಪಟಗಾಕ್ಕ ಅಂಜತೈತಿ, ನೀ ಮಾವಗ ಅಂಜತೀ. ತಿಕೋಟಾದಾಗ ನಿಮ್ಮವ್ವನ ಕಡೆ ಮಾವ ಒಬ್ಬಾಂವ ಇದ್ದನಲ್ಲ?"

"ಸಿದಗೊಂಡ ಮಾವ. ದೂರದಾಂವ್ರಿ."

"ಕರಿಯಾಕ ಹೋಗಾಕ ದೂರದಾಂವ ಆದ್ರ ಏನಾತು, ಹಿರ್ಯಾ ಹೌದಲ್ಲ? ಅವಗ ಹೊಲ ಐತಿ, ನಾಯಿ ಬೇಕಾಗಿರತೈತಿ. ನಾಯಿ ಅಲ್ಲಿ ಬಿಡು, ಅಂವನ್ನ ಬಬಲೇಶ್ವರಕ್ಕ ಕಳಸು. ಬುತ್ತಿ ನಾ ಮಾಡಿಕೊಡ್ತೀನಿ."

ಮರುದಿನ ನಸುಕಿನಲ್ಲೇ ಗೌರಾಬಾಯಿ ಬುತ್ತಿ ಸಿದ್ಧ ಮಾಡಿದಳು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಕಟ್ಟಲು ಶುಭ್ರವಾದ ಬಿಳಿ ಬಟ್ಟೆ ಬೇಕೆಂದಳು. ಅಮರಪ್ಪನ ಮನೆಯಲ್ಲಿ ಶುಭ್ರವಾಗಿದ್ದ ಬಿಳಿ ಬಟ್ಟೆ ಎಂದರೆ ಟ್ರಂಕಿನಲ್ಲಿದ್ದ ಮದುವೆಯ ರುಮಾಲು ಒಂದೇ. ಅದೋ ಮಾರುಗಟ್ಟಲೆ ಉದ್ದ. ಒಂದು ತುದಿಯಲ್ಲಿ ಬುತ್ತಿ ಕಟ್ಟಿದರೂ ಇನ್ನೊಂದು ತುದಿ ಅಂಗಳದ ತನಕ ಹರಿಯಿತು. ಹಗ್ಗ ಎಲ್ಲಿ ಹುಡುಕುವುದೆಂದು ಅಮರಪ್ಪ ಆ ತುದಿಯನ್ನು ಸರದಾರನ ಕೊರಳಿಗೆ ಕಟ್ಟಿದ. ತಲೆಯ ಮೇಲೆ ಏರದ ರುಮಾಲಿಗೆ ಸರದಾರ ಅಂಜಲಿಲ್ಲ.

ತಿಕೋಟಾದ ಕಡೆ ಹೊರಟಿದ್ದ ಟಾಂಗಾದ ನಿಜಾಮುದ್ದೀನ ನಾಯಿಯನ್ನು ನೋಡಿ ಮೊದಲು ತಲೆ ಅಲ್ಲಾಡಿಸಿದ. ಅವನ ತಲೆಯ ಮೇಲೆ ಇದ್ದದ್ದು ಟೊಪ್ಪಿಗೆ, ಹೀಗಾಗಿ ಸರದಾರನ ಕಡೆಯಿಂದ ತಕರಾರಿರಲಿಲ್ಲ.

"ನಾಯಿ ಕೂಡ್ರಿಸಿಕೊಳ್ಳಾಕ ಕಾಯ್ದೆ ಇಲ್ಲ ಅಮರಪ್ಪಾ. ಬುತ್ತಿ ಯಾರಿಗೆ?"

"ಬಬಲೇಶ್ವರಕ್ಕ."

"ಹಿಂಗ ಹೇಳು! ಹತ್ತು, ಹತ್ತು. ಹೆಂಡತಿ ಕರಿಯೋ ಕೆಲಸಕ್ಕ ಯಾವ ಸರ್ಕಾರದ ಕಾಯ್ದೇನೂ ಇಲ್ಲ."

ಬಿಸಿಲು ಏರುವ ಹೊತ್ತಿಗೆ ತಿಕೋಟಾ ಬಂತು. ನಿಜಾಮುದ್ದೀನ ಇವರನ್ನು ಇಳಿಸಿ, ಬೇರೆ ಮಂದಿಯನ್ನು ಹತ್ತಿಸಿಕೊಂಡು ಹಿಂದಿರುಗಿದ. ಸಿದಗೊಂಡಪ್ಪ ಅಂಗಳದಲ್ಲೇ ಇದ್ದ. ದೊಡ್ಡ ದೇಹ, ದೊಡ್ಡ ದನಿ, ಅವೆರಡಕ್ಕೂ ದೊಡ್ಡದಾದ ಕೆಂಪು ಪಟಗಾ. "ಯಾರು, ನಮ್ಮ ಅಮರನೇನೋ!" ಎಂದು ಅವನು ಎದ್ದ ಕೂಡಲೇ ಸರದಾರ ಬುತ್ತಿಯ ಸಮೇತ ಅಂಗಳದಲ್ಲಿದ್ದ ಎತ್ತಿನ ಗಾಡಿಯ ಕೆಳಗೆ ಸೇರಿತು. ಅಮರಪ್ಪ ನಾಯಿಯ ಕಥೆ ಹೇಳಿದ. ಹೆಂಡತಿಯ ಕಥೆಯನ್ನು ಮುಂದಕ್ಕೆ ಹಾಕಿದ.

"ಹೊಲಕ್ಕ ನಾಯಿ ಬೇಕಾಗೇತಿ ನೋಡು. ಕರಿ ಅದನ್ನ" ಎಂದ ಸಿದಗೊಂಡಪ್ಪ.

"ಮಾವಾ, ಬರತೈತ್ರಿ. ಒಂದೀಟು... ಪಟಗಾ ತೆಗದ್ರ."

"ಏನಂದಿ? ನಾ ಪಟಗಾ ತಗದಿದ್ದು ನಮ್ಮಪ್ಪ ಸತ್ತ ದಿನ."

"ಒಂದಽ ಚಣ ಮಾವಾ. ಜೀವ ಉಳಿತೈತಿ."

ಜೀವದ ಮಾತು ಬಂದಾಗ ಸಿದಗೊಂಡಪ್ಪನ ಮನಸ್ಸು ಮೆತ್ತಗಾಯಿತು. ಅತ್ತಿತ್ತ ನೋಡಿ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತ. ಗೌರವಕ್ಕಾಗಿ ಅಮರಪ್ಪನೂ ಟೊಪ್ಪಿಗೆ ತೆಗೆದ. ಗಾಡಿಯ ಕೆಳಗಿನಿಂದ ಮೊದಲು ಬಿಳಿ ಮೂತಿ ಬಂತು, ಆಮೇಲೆ ಒಂದು ಕಾಲು. ಸರದಾರ ಸಿದಗೊಂಡಪ್ಪನ ಬೆರಳು ಮೂಸಿತು. ಅದನ್ನು ಕಂಡು ಅಮರಪ್ಪನ ಧೈರ್ಯವೂ ಹೊರಗೆ ಬಂತು. "ಮಾವಾ, ನನ್ನ ಶಂಕ್ರೀ..." ಎಂದವನು ಮುಂದೆ ಮಾತು ಹೊರಡದೆ ಮುಖ ಮುಚ್ಚಿಕೊಂಡು ಅಳತೊಡಗಿದ.

ಸರಿಯಾಗಿ ಅದೇ ಹೊತ್ತಿಗೆ ಗೋಡೆಯಾಚೆ ತಿಪ್ಪವ್ವ ಬಂದಳು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಸತ್ತರೂ ತಿಪ್ಪವ್ವ ಅತ್ತ ಹೊರತು ಹೆಣ ಎತ್ತುತ್ತಿರಲಿಲ್ಲ. ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಂದು ಬಬಲೇಶ್ವರದ ಸಂತೆಗೆ ಹೊರಟಿದ್ದಳು. ಗೋಡೆಯ ಮೇಲಿಂದ ಇಣುಕಿದರೆ ಕಂಡದ್ದೇನು? ಪಟಗಾ ತೆಗೆದು ನೆಲಕ್ಕೆ ಕುಳಿತ ಸಿದಗೊಂಡಪ್ಪ, ಬರಿದಲೆಯಲ್ಲಿ ಬಿಕ್ಕುತ್ತಿರುವ ಪರವೂರಿನವ. ಇನ್ನೇನು ಬೇಕು? ಸಂತೆಯ ಬುಟ್ಟಿ ಇಳಿಸಿ, "ಎಂಥಾ ಮನಷ್ಯಾ ಹೋದ್ಯೋ ನನ್ನಪ್ಪಾ!" ಎಂದು ದನಿ ತೆಗೆದಳು.

ಆ ದನಿಗೆ ಓಣಿ ಎದ್ದುಬಂತು. ಗಂಡಸರು ಅಂಗಳಕ್ಕೆ ಕಾಲಿಡುತ್ತಲೇ ಪಟಗಾ ತೆಗೆದು ಕಂಕುಳಲ್ಲಿ ಇರುಕಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಇಷ್ಟು ಜನ ಇದ್ದೂ ಒಂದೂ ಪಟಗಾ ಇಲ್ಲದ ಸಭೆಯನ್ನು ಸರದಾರ ಹುಟ್ಟಿದ ಮೇಲೆ ಕಂಡಿರಲಿಲ್ಲ. ಅದು ಹರ್ಷದಿಂದ ಎಲ್ಲರ ನಡುವೆ ಓಡಾಡಿ ಬಾಲ ಅಲ್ಲಾಡಿಸಿತು. "ಪಾಪ, ಮೂಕ ಪ್ರಾಣಿಗೂ ತಿಳದೈತಿ" ಎಂದು ಯಾರೋ ನಿಟ್ಟುಸಿರುಬಿಟ್ಟರು. ಸಿದಗೊಂಡಪ್ಪ ಏನು ನಡೆದಿದೆ ಎಂದು ತಿಳಿಯದೆ ಬಾಯಿ ತೆರೆದು ಕುಳಿತಿದ್ದ.

ಚೆನ್ನಾಗಿ ಅತ್ತಾದ ಮೇಲೆ ತಿಪ್ಪವ್ವ ಪಕ್ಕದವನನ್ನು ಕೇಳಿದಳು: "ಯಾರಪಾ ಅಂವಾ?"

ಪಕ್ಕದವನು ಅವಳು ಬಂದ ಅತಿಥಿಯನ್ನು ಕೇಳುತ್ತಿದ್ದಾಳೆಂದು ತಿಳಿದ. "ವಿಜಾಪುರದ ಅಮರಪ್ಪ. ಬಬಲೇಶ್ವರದ ಗುರಲಿಂಗಪ್ಪನ ಅಳಿಯ."

ತಿಪ್ಪವ್ವ ಅಮರಪ್ಪನ ಮುಖ ಎಂದೂ ನೋಡಿದವಳಲ್ಲ, ಗುರಲಿಂಗಪ್ಪನ ಮನೆ ಮಾತ್ರ ಅವಳಿಗೆ ಗೊತ್ತು. "ಅಯ್ಯೋ ಹಡದವ್ವಾ, ಹರೇದಾಂವ!" ಎಂದು ಬುಟ್ಟಿ ಎತ್ತಿದಳು. ಸಂತೆಯ ಗಾಡಿ ಹೊರಡುತ್ತಿತ್ತು. ಇಂಥ ಸುದ್ದಿಯನ್ನು ಇನ್ನೊಬ್ಬರು ಮುಟ್ಟಿಸುವುದೆಂದರೆ ಅವಳ ಹೆಸರಿಗೆ ಕಳಂಕ. ಓಡಿಹೋಗಿ ಗಾಡಿ ಹತ್ತಿದಳು.

ಅವಳು ಹೋದ ಮೇಲೆ ನಿಜ ಹೊರಬಿತ್ತು. ಯಾರೂ ಸತ್ತಿಲ್ಲ, ನಾಯಿಯ ಸಲುವಾಗಿ ಪಟಗಾ ತೆಗೆದದ್ದು ಎಂದಾಗ ಮಂದಿ ನಗಲಿಲ್ಲ. ಸುಮ್ಮನೆ ಅತ್ತದ್ದಕ್ಕೆ ಸಿಟ್ಟಾದರು. ಎಲ್ಲರೂ ಒಮ್ಮೆಲೇ ಪಟಗಾ ಇಟ್ಟುಕೊಂಡರು, ಸರದಾರ ಒಮ್ಮೆಲೇ ಗಾಡಿಯ ಕೆಳಗಾಯಿತು.

"ನಾ ಜೀವಂತ ಇದ್ದಾಗಽ ನನ್ನ ಅಂಗಳದಾಗ ಅಳಿಸಿದ್ಯಲ್ಲೋ!" ಎಂದು ಸಿದಗೊಂಡಪ್ಪ ಗುಡುಗಿದ. ಅಮರಪ್ಪ ಆಗ ಬಬಲೇಶ್ವರದ ಮಾತನ್ನೂ ತೊದಲುತ್ತ ಹೇಳಿಬಿಟ್ಟ. ಸಿದಗೊಂಡಪ್ಪನ ಸಿಟ್ಟು ಅರ್ಧ ಇಳಿಯಿತು, ಆದರೆ ತಲೆ ಮಾತ್ರ ಅಡ್ಡಡ್ಡ ಆಡಿತು. "ಮಂದಿ ಅತ್ತ ಅಂಗಳದಿಂದ ಎದ್ದು ಕರಿಯಾಕ ಹೋಗಬಾರದಪಾ, ಅಪಶಕುನ. ಇಷ್ಟ ದಿನಾ ಎಲ್ಲಿ ಹೋಗಿದ್ದಿ? ಪಂಚಮಿ ಮುಗದ ಕೂಡಲೇ ಬಂದು ಹೇಳಿದ್ರ ಹೋಗತಿದ್ದಿಲ್ಲೇನು? ಮಜ್ಜಗಿ ಕುಡಿ. ನೀನಽ ಹೋಗು. ನಾಯಿನೂ ಒಯ್ಯಿ."

ಅಮರಪ್ಪ ಮಜ್ಜಿಗೆ ಕುಡಿದ, ನಾಯಿಗೂ ಹೊಲದ ಅಂಚಿನಲ್ಲಿ ಒಂದಿಷ್ಟು ನೀರು ಕುಡಿಸಿ ದಕ್ಷಿಣಕ್ಕೆ ಹೆಜ್ಜೆ ಹಾಕಿದ. ಎರಡೂ ಬದಿಗೆ ಎದೆಮಟ್ಟ ಬೆಳೆದ ಬಿಳಿಜೋಳ. ಡೋಣಿ ಹೊಳೆ ದಾಟುವಾಗ ನೀರಿನಲ್ಲಿ ತನ್ನ ಮುಖ ಕಂಡಿತು, ತಲೆಯ ಮೇಲೆ ಟೊಪ್ಪಿಗೆ ಕಂಡಿತು. ಇದೊಂದು ಇರದಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ, ಶಂಕ್ರೆವ್ವ ಮನೆಯಲ್ಲಿರುತ್ತಿದ್ದಳು ಎಂದುಕೊಂಡ. ಟೊಪ್ಪಿಗೆ ತೆಗೆದು ಕಿಸೆಯಲ್ಲಿಟ್ಟ. ಹೊಟ್ಟೆ ಹಸಿದು ಕೂಗುತ್ತಿದ್ದರೂ ಬುತ್ತಿಯ ಗಂಟು ಬಿಚ್ಚಲಿಲ್ಲ. ಸರದಾರ ಅದನ್ನು ಮೂಸಿ ಅವನ ಮುಖ ನೋಡಿದಾಗ, "ಅದು ನಮ್ಮದಲ್ಲಲೇ, ಅಕಿ ಮನ್ಯಾವರದು" ಎಂದ. ದಾರಿಯುದ್ದಕ್ಕೂ ಅವನು ನಾಯಿಯ ಮುಂದೆ ಮಾವನಿಗೆ ಹೇಳಬೇಕಾದ ಮಾತನ್ನು ರೂಢಿ ಮಾಡಿದ. ನಾಯಿಯ ಮುಂದೆ ಅದು ಬಹಳ ಚೆನ್ನಾಗಿ ಬರುತ್ತಿತ್ತು.

ಹೊತ್ತು ಇಳಿಯುವಾಗ ಬಬಲೇಶ್ವರದ ಬಾವಿ ಕಂಡಿತು. ನೀರು ಸೇದುತ್ತಿದ್ದ ಹೆಂಗಸರು ಬರಿದಲೆಯಲ್ಲಿ, ಬಿಳಿ ಬಟ್ಟೆಯ ಗಂಟು ಹಿಡಿದು ಬರುತ್ತಿರುವವನನ್ನು ಕಂಡು ಬದಿಗೆ ಸರಿದು ದಾರಿ ಬಿಟ್ಟರು.

"ಗುರಲಿಂಗಪ್ಪನ ಮನಿಗೇನಪಾ?" ಎಂದಳು ಒಬ್ಬಳು ಮೆಲ್ಲನೆ.

"ಹೌದ್ರಿ."

"ಹೋಗಪಾ, ಹೋಗು. ಸುದ್ದಿ ಮೊದಲಽ ಮುಟ್ಟೈತಿ. ಎಲ್ಲಾರೂ ಅಂಗಳದಾಗ ಕುಂತಾರ."

ಅಮರಪ್ಪನ ಎದೆ ತುಂಬಿಬಂತು. ತಾನು ಬರುವ ಸುದ್ದಿ ಮೊದಲೇ ಮುಟ್ಟಿದೆ! ಎಲ್ಲರೂ ಅಂಗಳದಲ್ಲಿ ಕುಳಿತು ಕಾಯುತ್ತಿದ್ದಾರೆ! ಸಿದಗೊಂಡ ಮಾವ ಹೇಳಿ ಕಳಿಸಿರಬೇಕು, ದೊಡ್ಡ ಮನಸ್ಸಿನವನು ಎಂದುಕೊಂಡು ಕಾಲು ಬಿರುಸುಮಾಡಿದ.

ಅಂಗಳದ ತುಂಬ ಮಂದಿ. ಯಾರ ತಲೆಯ ಮೇಲೂ ಪಟಗಾ ಇಲ್ಲ. ನಡುವೆ ಹೆಂಗಸೊಬ್ಬಳು ಕೈ ಬೀಸಿ ಅಳುತ್ತಿದ್ದಳು: "ಆಫೀಸ್ ಆಳಿದ ಮ್ಯಾನೇಜರ ಹೋದ್ಯಲ್ಲೋ, ಸಾವಿರ ಮಂದಿಗೆ ಸಾಹೇಬ ಆಗಿದ್ದ್ಯಲ್ಲೋ!" ಅಮರಪ್ಪ ಬಾಗಿಲಲ್ಲಿ ನಿಂತವನ ಕಿವಿಯಲ್ಲಿ ಕೇಳಿದ: "ಯಾರ್ರೀ ಹೋದವರು?"

"ಈ ಮನಿ ಅಳಿಯ. ವಿಜಾಪುರದಾಗ ಮ್ಯಾನೇಜರ ಇದ್ನಂತ."

ತನ್ನನ್ನು ಇನ್ನೊಬ್ಬರು ಮ್ಯಾನೇಜರ ಎಂದದ್ದನ್ನು ಅಮರಪ್ಪ ಕೇಳಿದ್ದು ಅದೇ ಮೊದಲು. ಒಂದು ಗಳಿಗೆ ಅವನಿಗೆ ಹಿತವೆನಿಸಿತು. ಆಮೇಲೆ ಈ ಮನೆಗೆ ಇರುವುದು ಒಬ್ಬನೇ ಅಳಿಯ ಎಂಬುದು ನೆನಪಾಯಿತು. ನಾನಿಲ್ಲೇ ಇದ್ದೇನೆ ಎಂದು ಕೂಗಬೇಕೆಂದರೆ, ಇಷ್ಟು ಮಂದಿ ಅಳುವಾಗ ಬದುಕಿದ್ದೇನೆ ಎಂದು ನಡುವೆ ಬಾಯಿ ಹಾಕುವುದು ಹೇಗೆ ಎಂದು ಸಂಕೋಚವಾಯಿತು.

ಒಳಬಾಗಿಲಲ್ಲಿ ಶಂಕ್ರೆವ್ವ ನಿಂತಿದ್ದಳು. ಕಂಕುಳಲ್ಲಿ ಸೀರೆಯ ಗಂಟು. ಹೆಂಗಸರು ಬಳೆಯ ಮಾತು ಎತ್ತಿರಬೇಕು. ಅವಳು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಕೈ ಹಚ್ಚಿದ್ರ ನೋಡ್ರಿ! ನನಗ ಹೇಳದ ಅವರು ಓಣಿ ತುದೀತನಾನೂ ಹೋಗತಿದ್ದಿಲ್ಲ. ಹೇಳದ ಸಾಯತಾರ? ನಾ ವಿಜಾಪುರಕ್ಕ ಹೊಂಟೀನಿ. ಯಾರೂ ಕರಿಯಾಕ ಬರೂದು ಬ್ಯಾಡ, ಯಾರೂ ಕಳಸೂದೂ ಬ್ಯಾಡ."

ಕಟ್ಟೆಯ ಮೇಲೆ ಗುರಲಿಂಗಪ್ಪ ಕುಳಿತಿದ್ದ. ಆ ಬರಿದಲೆಯನ್ನು ಅಮರಪ್ಪ ಎಂದೂ ನೋಡಿರಲಿಲ್ಲ. ಪಟಗಾ ಇಲ್ಲದೆ ಅವನು ತುಂಬ ಚಿಕ್ಕವನಾಗಿ ಕಂಡ. ಸರದಾರನೂ ನೋಡಿತು. ಪಟಗಾ ಇಲ್ಲದ ಮನೆ, ಪಟಗಾ ಇಲ್ಲದ ಮಂದಿ, ಕಟ್ಟೆಯ ಮೇಲೆ ಅಳುತ್ತಿರುವ ಒಂದು ಮುಖ. ಅದು ಅಮರಪ್ಪನ ಕೈಯಿಂದ ರುಮಾಲು ಕಸಿದುಕೊಂಡು, ಬುತ್ತಿಯನ್ನು ಹಿಂದೆ ಎಳೆಯುತ್ತ, ಜನರ ಕಾಲ ಸಂದಿಯಲ್ಲಿ ನುಸುಳಿ ಕಟ್ಟೆ ಹತ್ತಿತು. ಗುರಲಿಂಗಪ್ಪನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು.

ಗುರಲಿಂಗಪ್ಪನ ಕೈ ತಾನಾಗಿ ಅದರ ತಲೆ ಸವರಿತು. ಮನುಷ್ಯರ ಮುಂದೆ ಆಡಲಾರದ್ದನ್ನು ಅವನು ಅದರ ಮುಂದೆ ಆಡಿದ. "ಯಾರೂ ಕರಿಯಾಕ ಬರದಿರಲಿ ಅಂತ ದಿನಾ ಬೇಡಿದ್ನೋ. ಮನಿ ತುಂಬ ಮಂದಿ ಅದಾರ, ನನ್ನ ಮುಂದ ತೆಲಿ ಎತ್ತಿ ಮಾತಾಡೂದು ಅದೊಂದಽ ಕೂಸು. ಪದ್ಧತಿ ಅಂದ್ನಿ, ಬುತ್ತಿ ಅಂದ್ನಿ, ಎಲ್ಲಾ ಸುಳ್ಳ. ಇನ್ನೊಂದು ನಾಕು ದಿನಾ ಇರಲಿ ಅಂತ ಇಟಗೊಂಡ್ನಿ. ಆ ದಿನಾ ಗಂಡನ ಜೋಡಿ ಇರತಿದ್ಲು."

ಶಂಕ್ರೆವ್ವ ನಾಯಿ ಬಂದ ದಾರಿಯನ್ನು ನೋಡಿದಳು. ಬಾಗಿಲಲ್ಲಿ ಧೂಳು ತಿಂದು, ಬರಿದಲೆಯಲ್ಲಿ, ಅಳುಮೋರೆ ಹಾಕಿಕೊಂಡು ಅಮರಪ್ಪ ನಿಂತಿದ್ದ. ಅವಳು ಕೂಗಲಿಲ್ಲ, ಓಡಿಬರಲಿಲ್ಲ.

"ಗಡಿಗಿ ಬಾಯಿ ಬಿಚ್ಚೀರೇನು?" ಎಂದಳು.

"ಇಲ್ಲ" ಎಂದ ಅಮರಪ್ಪ.

ಅಲ್ಲಿಯವರೆಗೆ ಒಂದು ಹನಿಯನ್ನೂ ಕೆಡವದೆ ನಿಂತಿದ್ದ ಶಂಕ್ರೆವ್ವ ಆಗ ಗಂಟು ಕೆಳಗೆ ಬಿಟ್ಟು ಕುಸಿದು ಕುಳಿತು ಗೊಳೋ ಎಂದು ಅತ್ತಳು.

ಮುಂದೆ ಎದ್ದ ಗದ್ದಲವನ್ನು ಬಣ್ಣಿಸಲಾಗದು. ಕೆಲವರು ದೆವ್ವವೆಂದು ಓಡಿದರು, ಕೆಲವರು ಮುಟ್ಟಿ ನೋಡಿದರು. ತಿಪ್ಪವ್ವ ಸೊಂಟಕ್ಕೆ ಕೈಯಿಟ್ಟು, "ಬದುಕಿದ್ದಾಂವ ಬಾಗಲದಾಗ ನಿಂತು ಸುಮ್ಮನ ಕೇಳತಿದ್ದ್ಯಾ? ನನ್ನ ಗಂಟಲಾ ಹರದು ಹೋತು!" ಎಂದು ಜಗಳ ತೆಗೆದಳು. ಅವಳಿಗೆ ಬೆಲ್ಲ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು. ಗುರಲಿಂಗಪ್ಪ ಎದ್ದು ಬಂದು ಅಳಿಯನ ಎರಡೂ ಭುಜ ಹಿಡಿದು ನೋಡಿದ. ಕಣ್ಣಲ್ಲಿ ನೀರು ಇನ್ನೂ ಇತ್ತು. ಅಷ್ಟರಲ್ಲಿ ತಾನು ಎಲ್ಲರೆದುರು ಏನೇನು ಆಡಿದೆ ಎಂಬುದು ಅವನಿಗೆ ನೆನಪಾಯಿತು. ಮುಖ ಬಿಗಿದುಕೊಂಡ.

"ಇರಲಿ. ಬದುಕೀ, ಚಲೋ ಆತು. ಆದ್ರ ಅಳಿಯಾ ತಾನಽ ಕರಿಯಾಕ ಬರೂದಂದ್ರೇನು? ಹಿರ್ಯಾರು ಎಲ್ಲಿ?" ಎಂದು ಕಟ್ಟೆಗೆ ಮರಳಿ ಅಲ್ಲಿದ್ದ ಪಟಗಾಕ್ಕೆ ಕೈ ಹಾಕಿದ.

ಪಟಗಾ ಕಟ್ಟೆ ಬಿಟ್ಟು ಮೇಲೆದ್ದ ಕೂಡಲೇ ಸರದಾರ ನಡುಗತೊಡಗಿತು. ಓಡಲು ಎಲ್ಲಿಗೂ ದಾರಿಯಿರಲಿಲ್ಲ. ಅದು ಗುರಲಿಂಗಪ್ಪನ ಧೋತರದೊಳಗೇ ತಲೆ ತೂರಿಸಿತು.

"ಏನಾತು ಇದಕ್ಕ?"

"ಪಟಗಾಕ್ಕ ಅಂಜತೈತ್ರಿ ಮಾವಾರ. ಎಳ್ಳಮಾಸಿಯೊಳಗ ಮನಿ ಸಿಗಲಿಲ್ಲಂದ್ರ ಇದನ್ನ ಕೊಲ್ಲತಾರ್ರಿ."

ಗುರಲಿಂಗಪ್ಪನ ಕೈ ಅರ್ಧದಲ್ಲೇ ನಿಂತಿತು. ಮೇಲೆ ಹೋದರೆ ಮಾನ, ಕೆಳಗೆ ಇಳಿದರೆ ನಾಯಿ. ಆಗ ಒಳಗಿನಿಂದ ಅವನ ತಾಯಿ ಗುರುಬಸವ್ವ ಕೋಲೂರಿಕೊಂಡು ಬಂದಳು. ಕಣ್ಣು ಮಂಜಾಗಿದ್ದರೂ ಮನೆಯ ಬಟ್ಟೆಯನ್ನು ಮುಟ್ಟಿದರೆ ತಿಳಿಯುತ್ತಿತ್ತು. ಕಟ್ಟೆಯ ಮೇಲೆ ಬಿದ್ದಿದ್ದ ಗಂಟನ್ನು ತಡವಿದಳು.

"ಇದು ನಾವು ಕೊಟ್ಟ ರುಮಾಲ. ಒಳಗ ಹೋಳಿಗಿ ಅದಾವು. ಬುತ್ತಿ ಬಂದೈತಿ. ಯಾರು ತಂದ್ರು?"

"ನಾಯಿ ಎಳಕೊಂಡು ಬಂತಬೇ" ಎಂದರು ಯಾರೋ.

"ಹಂಗಾದ್ರ ಕರಿಯಾಕ ಬಂದದ್ದು ಅದಽ. ಬುತ್ತಿ ಯಾರ ಕೊಳ್ಳಾಗ ಐತೋ ಅವರಽ ಬೀಗರು."

"ಯವ್ವಾ, ನಾ ಹಿರ್ಯಾರು ಬರಬೇಕು ಅಂದಿದ್ನಿ..."

ಮುದುಕಿ ಬಗ್ಗಿ ಸರದಾರನ ಮೂತಿ ಸವರಿದಳು. "ನೋಡಿಲ್ಲಿ, ಗಡ್ಡ ಮೀಸಿ ಎಲ್ಲಾ ನೆರೆತಾವು. ನಿನಗಿಂತ ಹಿರ್ಯಾ ಅದಾನ. ಬೀಗರ ಕಾಲಿಗೆ ನೀರ ಕೊಡ್ರಿ ಮೊದಲ!"

ಮೊದಲು ನಕ್ಕವಳು ತಿಪ್ಪವ್ವ. ಆಮೇಲೆ ಅಂಗಳವೆಲ್ಲ ನಕ್ಕಿತು. ಗುರಲಿಂಗಪ್ಪ ನಗಲಿಲ್ಲ. ಕೈಯಲ್ಲಿದ್ದ ಪಟಗಾವನ್ನು ಒಯ್ದು ಗೂಟಕ್ಕೆ ತಗುಲಿಹಾಕಿದ. ತಂಬಿಗೆ ತಂದು, ಪದ್ಧತಿಯ ಪ್ರಕಾರ, ಬೀಗರ ನಾಲ್ಕೂ ಕಾಲಿಗೆ ತಾನೇ ನೀರು ಹಾಕಿದ.

ಮರುದಿನ ಬೆಳಿಗ್ಗೆ ಗಾಡಿ ಕಟ್ಟಿದರು. ಶಂಕ್ರೆವ್ವ ಹತ್ತಿ ಕುಳಿತಳು. ಅಮರಪ್ಪ ರುಮಾಲು ಹಿಡಿದು, "ಬಾರಲೇ ಸರದಾರಾ" ಎಂದ. ಗುರಲಿಂಗಪ್ಪನ ಕಾಲ ಹತ್ತಿರ ಮಲಗಿದ್ದ ಸರದಾರ ಎದ್ದಿತು, ಗಾಡಿಯವರೆಗೆ ಬಂತು, ಅಮರಪ್ಪನ ಕೈ ನೆಕ್ಕಿತು. ಮತ್ತೆ ತಿರುಗಿ ಹೋಗಿ ಅಲ್ಲೇ ಮಲಗಿತು. ಇಷ್ಟು ದಿನ ಅದಕ್ಕೊಂದು ಮನೆ ಸಿಗಲೆಂದು ಊರೂರು ಅಲೆದವನಿಗೆ ಮನೆ ಸಿಕ್ಕ ಗಳಿಗೆಯಲ್ಲಿ ಗಾಡಿ ಹತ್ತುವ ಮನಸ್ಸಾಗಲಿಲ್ಲ. ಬರಿದಾದ ರುಮಾಲನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತ.

"ಇರಲಿ ಬಿಡಪಾ" ಎಂದ ಗುರಲಿಂಗಪ್ಪ. ಅವನ ತಲೆ ಬರಿದಾಗಿಯೇ ಇತ್ತು. "ಬಂದ ಬೀಗರನ್ನ ಒಂದಽ ದಿನಕ್ಕ ಕಳಸೂದು ಪದ್ಧತಿ ಅಲ್ಲ. ನಿನಗ ಬೇಕಂದ್ರ ಬುತ್ತಿ ಕಟಗೊಂಡು ಕರಿಯಾಕ ಬಾ. ಹಿರ್ಯಾರ ಬರಬೇಕಂತಿಲ್ಲ. ನೀವಿಬ್ಬರಽ ಬರ್ರಿ. ಒಮ್ಮೆ ಕರದ್ರ ಇದು ಬರಂಗಿಲ್ಲ. ಮ್ಯಾಲಿಂದ ಮ್ಯಾಲ ಬರಬೇಕಾಗತೈತಿ."

ಗಾಡಿ ಹೊರಟಿತು. ಗುರಲಿಂಗಪ್ಪ ನಾಯಿಯೊಂದಿಗೆ ಊರ ಅಂಚಿನವರೆಗೆ ನಡೆದುಬಂದು ನಿಂತ. ಕಾಖಂಡಕಿಯ ಕಡೆಯಿಂದ ಬರುತ್ತಿದ್ದ ರೈತನೊಬ್ಬ ದಾರಿಯಲ್ಲಿ ಬರಿದಲೆಯಲ್ಲಿ ನಿಂತವನನ್ನು ಕಂಡು, ಗಾಬರಿಯಿಂದ ತನ್ನ ಪಟಗಾ ತೆಗೆದು ಎದೆಗೆ ಹಿಡಿದುಕೊಂಡ.

"ಗುರಲಿಂಗಪ್ಪಣ್ಣಾ! ಯಾರು ಹೋದ್ರೋ?"

"ಯಾರೂ ಸತ್ತಿಲ್ಲೋ ಮಾರಾಯಾ. ನಾಯಿ ಅಂಜತೈತಿ, ಅದಕ್ಕ" ಎನ್ನುವುದು ಗಾಡಿಯವರೆಗೂ ಕೇಳಿಸಿತು. ಹಾಗೆಂದವನು ಅಂಗೈಯಿಂದ ಕಣ್ಣೊರೆಸಿಕೊಂಡದ್ದೂ ಕಾಣಿಸಿತು.

ಶಂಕ್ರೆವ್ವ ಬಹಳ ದೂರದವರೆಗೆ ಹಿಂದೆಯೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನ ಕೈಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ ನೀಟಾಗಿ ಮಡಚತೊಡಗಿದಳು.

"ಎಳ್ಳಮಾಸಿಗೆ ಬರೂಣ್ರಿ" ಎಂದಳು. "ಮನಿಗೆ ಹೋದ ಕೂಡಲೇ ಗಡಿಗಿ ಬಿಚ್ಚತೀನಿ. ಬುತ್ತಿಗೆ ಉಪ್ಪಿನಕಾಯಿ ಬೇಕಲ್ಲ."